ಹಳ್ಳ ಕರಗುವ ಜಾಗ

ನಮ್ಮ ಕೊಳಕೂರಿನಲ್ಲಿ ತನ್ನ ಹೃದಯವನ್ನು ತಾನೇ ಟೀವಿಯಲ್ಲಿ ನೋಡಿ ಬಂದ ಮೊದಲ ಮನುಷ್ಯ ನಮ್ಮಪ್ಪ ರೇವಣಪ್ಪ. ಸಾವಿರದ ಒಂಬೈನೂರ ತೊಂಬತ್ತೊಂದರ ಶ್ರಾವಣದಲ್ಲಿ, ಹೈದರಾಬಾದಿನ ದೊಡ್ಡ ದವಾಖಾನೆಯೊಂದರಲ್ಲಿ, ಅವನ ತೊಡೆಯ ಸಂದಿನಿಂದ ಒಂದು ಸಣ್ಣ ನಳಿಕೆ ತೂರಿಸಿ, ಎದೆಯತನಕ ಒಯ್ದು, ಅದರೊಳಗಿಂದ ಔಷಧ ಬಿಟ್ಟು ಆ ಸಿನಿಮಾ ತೋರಿಸಿದ್ದರು. ಊರವರು ನಮ್ಮ ಕಟ್ಟೆಗೆ ಬಂದು ಕೂತು ಅದನ್ನೇ ಕೇಳುತ್ತಿದ್ದರು. ಅಪ್ಪ ಕಣ್ಣು ಅರ್ಧ ಮುಚ್ಚಿ ಹೇಳುತ್ತಿದ್ದ.

"ಭೀಮಾ ಹೊಳಿನ ಮುಗಿಲಿಂದ ನೋಡಿದಂಗ ಇತ್ತು ನೋಡ್ರಿ. ಕರಿ ನೀರು. ಆದ್ರ ಉಲ್ಟಾ ಹೊಳಿ. ಹೊಳಿ ಒಡದು ಹಳ್ಳ ಆಗ್ತದ, ಹಳ್ಳ ಒಡದು ಸಣ್ಣ ಸಣ್ಣ ಕಾಲಿವಿ ಆಗ್ತಾವ. ಎದಿ ಬಡದಂಗೆಲ್ಲಾ ಹೊಳಿ ಕುಣಿತಿತ್ತು. ಕಡೀಕ ಎಲ್ಲಾ ಹೋಗಿ ಮಂಜಿನ್ಯಾಗ ಕರಗಿಬಿಡ್ತು."

"ಮುಂದ?" ಎಂದು ಯಾರಾದರೂ ಕೇಳುತ್ತಿದ್ದರು.

"ಮುಂದ ಏನದ, ಮಂಜು," ಎನ್ನುತ್ತಿದ್ದ ಅಪ್ಪ. ಹೇಳುತ್ತ ಹೇಳುತ್ತ ಅವನಿಗೆ ಜೊಂಪು ಹತ್ತುತ್ತಿತ್ತು. ಊರವರು ಮೆಲ್ಲಗೆ ಎದ್ದು ಹೋಗುತ್ತಿದ್ದರು.

ಅವನ ಬೇನೆ ಶುರುವಾದದ್ದು ಎದೆಯಿಂದಲ್ಲ. ಅದಕ್ಕೂ ಮೂರು ವರ್ಷ ಮೊದಲು ಪಾದ ಬಾತು ಚಪ್ಪಲಿಗೆ ಕಾಲು ಹಿಡಿಯದಾದಾಗ ಗುಲ್ಬರ್ಗಾಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಡಾಕ್ಟರ್ ಸಲಾವುದ್ದೀನ ಅವರು ರಕ್ತ, ಮೂತ್ರ ಎಲ್ಲ ನೋಡಿ, ಅಪ್ಪನಿಗೆ ಎಷ್ಟೋ ವರ್ಷದಿಂದ ಬಿಪಿ ಇದೆ, ಯಾರಿಗೂ ಗೊತ್ತಾಗದ ಹಾಗೆ ಅದು ಎರಡೂ ಕಿಡ್ನಿಗಳನ್ನು ತಿಂದಿದೆ ಎಂದಿದ್ದರು. ಹದಿನಾರಾಣೆಯಲ್ಲಿ ಐದಾಣೆ ಉಳಿದಿದೆ, ಅದನ್ನೇ ಜೋಪಾನ ಮಾಡಬೇಕು. ಅಂದಿನಿಂದ ಅವನ ತಟ್ಟೆಗೆ ಉಪ್ಪು ಬೀಳಲಿಲ್ಲ. ಕುಡಿಯುವ ನೀರು ಒಂದು ಚರಿಗೆಯಲ್ಲಿ ಅಳತೆಯಾಗಿ ನಿಂತಿತು. ಬಾಯಿಯಲ್ಲಿ ಯಾವಾಗಲೂ ತಾಮ್ರದ ರುಚಿ ಎನ್ನುತ್ತಿದ್ದ. ಮೈ ತುರಿಸುತ್ತಿತ್ತು. ಮಧ್ಯಾಹ್ನವಿಡೀ ಅರೆನಿದ್ದೆ, ಆ ಅರೆನಿದ್ದೆಯ ತುಂಬ ಕನಸು. ಎಚ್ಚರವಾದ ಮೇಲೂ ಕನಸು ಅವನ ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಆ ಮುಖ ಬಹಳ ಇಷ್ಟವಾಗುತ್ತಿತ್ತು.

ನಾನು ಸುಮಿತ್ರಾ, ಅವನ ಒಬ್ಬಳೇ ಮಗಳು. ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣ, ನೀಲಿ ಸೀಮೆಸುಣ್ಣ ಹಿಡಿದು ನಾಲ್ಕು ಕೋಣೆಯ ಹೃದಯವನ್ನು ಐದು ನಿಮಿಷದಲ್ಲಿ ಬರೆಯುತ್ತಿದ್ದೆ. ಅದು ನನ್ನ ಸೊಕ್ಕು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ತೊಂಬತ್ತೊಂದರ ಬೇಸಿಗೆಯಲ್ಲಿ ಅಪ್ಪನಿಗೆ ಹೊಲಕ್ಕೆ ನಡೆಯುವಾಗ ಎದೆಯ ಮೇಲೆ ಯಾರೋ ಕೂತಂತೆ ಆಗತೊಡಗಿತು. ನಿಂತರೆ ಇಳಿಯುತ್ತಿತ್ತು, ನಡೆದರೆ ಏರುತ್ತಿತ್ತು. ಸಲಾವುದ್ದೀನ ಡಾಕ್ಟರು ಹೈದರಾಬಾದಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ನಳಿಕೆಯಿಂದ ಬಿಡುವ ಔಷಧ ಕಿಡ್ನಿಗೆ ಒಗ್ಗುವುದಿಲ್ಲ, ಆದರೂ ದೊಡ್ಡ ನಾಳ ಕಟ್ಟಿದೆಯೋ ಇಲ್ಲವೋ ನೋಡಲೇಬೇಕು ಎಂದರು. ಹೊರಡುವ ದಿನ ಬೆಳಿಗ್ಗೆ ಅವ್ವ ಸುಭದ್ರಾಬಾಯಿ ಗಾಣಗಾಪುರದ ದಿಕ್ಕಿಗೆ ತಿರುಗಿ ಸೆರಗೊಡ್ಡಿ ನಿಂತಳು.

"ದತ್ತಾ, ಇವ್ರ ಎದಿ ಫೋಟೊ ಸಾಫ್ ಬರ್ಲಿ. ಇವ್ರ ಕೈಲಿಂದ ಸಂಗಮದಿಂದ ಗುಡಿತನಕ ದೀಡ್ ನಮಸ್ಕಾರ ಹಾಕಸ್ತೇನಿ."

ನಮ್ಮ ಕಡೆ ಇದೊಂದು ಪದ್ಧತಿ. ಹರಕೆ ಹೊರುವ ಬಾಯಿ ಒಬ್ಬರದು, ತೀರಿಸುವ ಮೈ ಇನ್ನೊಬ್ಬರದು. ಗಂಡನ ಮೈಮೇಲೆ ಹೆಂಡತಿ ಹೊರುತ್ತಾಳೆ, ಮಗನ ಮೈಮೇಲೆ ತಾಯಿ ಹೊರುತ್ತಾಳೆ. ದೀಡ್ ನಮಸ್ಕಾರ ಎಂದರೆ ನೆಲಕ್ಕೆ ಉದ್ದಕ್ಕೆ ಬಿದ್ದು, ಕೈ ಮುಟ್ಟಿದಲ್ಲಿ ಗೆರೆ ಎಳೆದು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಬೀಳುವುದು. ಹೊಳೆಯಿಂದ ಗುಡಿತನಕ ಎರಡು ಮೈಲಿಗೆ ಕಮ್ಮಿ ಇಲ್ಲ. "ಕೊರಳಾಗ ಲಿಂಗ ಅದ, ಬಾಯಾಗ ದತ್ತ ಅದಾನ. ಇಬ್ಬರೂ ಕೂಡಿ ನನ್ನ ನೆಲಕ್ಕ ಕೆಡವ್ತಾರ," ಎಂದು ಅಪ್ಪ ನಕ್ಕಿದ್ದ.

ಫೋಟೊ ಸಾಫ್ ಬಂತು. ದೊಡ್ಡ ಲಕೋಟೆಯಲ್ಲಿ ರಿಪೋರ್ಟು, ಜೊತೆಗೆ ಒಂದು ಕಪ್ಪು ಹಾಳೆ. ನಾಳಗಳಲ್ಲಿ ಎಲ್ಲೂ ಅಡಚಣೆ ಇಲ್ಲ ಎಂದು ಹೈದರಾಬಾದಿನ ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ನಾನೇ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಊರಿಗೆ ಬಂದ ಮೇಲೆ ಪೇಡೆ ಹಂಚಿದ್ದೂ ನಾನೇ. ಖುಷಿಗೆ ನನಗೆ ಕುಣಿಯುವಂತಾಗಿತ್ತು.

ಹದಿನೈದು ದಿನ ಕಳೆದಿರಲಿಲ್ಲ, ಅಪ್ಪ ಹೊಲದ ದಾರಿಯಿಂದ ಅರ್ಧಕ್ಕೇ ತಿರುಗಿ ಬಂದು ಕಟ್ಟೆಯ ಮೇಲೆ ಕೂತ.

"ಮತ್ತ ಬಂತವ್ವ ಅದು," ಎಂದ ನನಗೆ.

"ಏನು?"

"ಎದಿ ಮ್ಯಾಲ ಕುಂಡ್ರಾವ."

ನಾನು ಲಕೋಟೆ ತಂದು ಕಪ್ಪು ಹಾಳೆಯನ್ನು ಬಿಸಿಲಿಗೆ ಹಿಡಿದೆ. ಪಾಠ ಮಾಡಿದೆ. "ನೋಡಪ್ಪಾ, ಇದು ಎಡಕಿನ ನಾಳ, ಇದು ಬಲಕಿನದು. ಎರಡೂ ಸಾಫ್ ಅವ. ಫೋಟೊ ಸುಳ್ಳು ಹೇಳಂಗಿಲ್ಲ. ನಿಂಗ ಅಂಜಿಕಿ ಆಗ್ಯದ, ಅಷ್ಟ."

ಅಪ್ಪ ಹಾಳೆ ನೋಡಿದ, ನನ್ನ ಮುಖ ನೋಡಿದ. "ಹೌದೇನವ್ವ? ಹಂಗಾರ ಅಂಜಿಕೀನೇ ಇರಬೇಕು," ಎಂದ.

ಆ ಮೇಲೆ ಅವನು ನೋವಿನ ಮಾತೆತ್ತುವುದನ್ನು ಬಿಟ್ಟ. ಹೊಲಕ್ಕೆ ಹೋಗುವಾಗ ದಾರಿಯಲ್ಲಿ ಬಗ್ಗಿ ಯಾರದೋ ತೊಗರಿ ಗಿಡ ನೋಡುತ್ತ ನಿಲ್ಲುತ್ತಿದ್ದ. ನಾಲ್ಕು ಹೆಜ್ಜೆ ಹಾಕಿ ಯಾರನ್ನೋ ಮಾತಾಡಿಸುತ್ತ ನಿಲ್ಲುತ್ತಿದ್ದ. ಎದುರಿಗೆ ಯಾರೂ ಇಲ್ಲದಿದ್ದರೆ ಚಪ್ಪಲಿ ಕೊಡವುತ್ತ ನಿಲ್ಲುತ್ತಿದ್ದ. ಹಿಂದೆ ಬರುತ್ತಿದ್ದ ನನಗೆ ಸಿಟ್ಟು ಬರುತ್ತಿತ್ತು. ಹೈದರಾಬಾದಿಗೆ ಹೋಗಿ ಬಂದ ಮೇಲೆ ಈ ಮನುಷ್ಯ ಸೋಗು ಕಲಿತಿದ್ದಾನೆ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ನಾಲ್ಕು ಕೋಣೆಯ ಹೃದಯ ಬರೆಯಬಲ್ಲವಳು ನಾನು.

ಒಂದು ಮಧ್ಯಾಹ್ನ, ಹೊರಸಿನ ಮೇಲೆ ಅರೆನಿದ್ದೆಯಲ್ಲಿದ್ದವನು ಕಣ್ಣು ತೆರೆಯದೆಯೇ ಮಾತಾಡಿದ.

"ಅದೇ ಹೊಳಿಗೆ ಹೋಗಿದ್ದೆ ಸುಮಿತ್ರಾ."

"ಯಾವ ಹೊಳಿಗೆ?"

"ಎದ್ಯಾಗಿನ ಹೊಳಿಗೆ. ದಂಡಿ ಹಿಡದು ನಡದೆ. ಹೊಳಿ ತುಂಬಿ ಹರೀತದ, ನೀರು ತಣ್ಣಗ ಅದ. ಹಳ್ಳಕ್ಕಿಳಿದೆ, ಅಲ್ಲೂ ನೀರದ. ಮುಂದ ಕಾಲಿವಿ. ಕಾಲಿವಿ ಸಣ್ಣ ಆಕ್ಕೋತ ಹೋಗಿ ಬಳ್ಳಿನಷ್ಟು ಆತು, ದಾರದಷ್ಟು ಆತು. ಅಲ್ಲೇ ಮಂಜು. ಮಂಜಿನ್ಯಾಗ ಕೈ ಹಾಕಿದ್ರ ಮಣ್ಣು ಒಣಾ ಹತ್ತಿತು. ಅಲ್ಲಿ ಯಾರೋ ಮಂದಿ ಕೊಡ ಹಿಡ್ಕೊಂಡು ಸಾಲಿಗೆ ನಿಂತಾರ. ನೀರು ಬರವಲ್ದು. ನಾ ಹಿಂದಕ್ಕ ತಿರುಗಿ ಒದರ್ತೇನಿ, ಹೊಳಿ ತುಂಬೇದಲ್ಲೋ ಅಂತ. ಯಾರಿಗೂ ಕೇಳಸವಲ್ದು."

ನಾನು ಬೀಸಣಿಕೆ ಹಾಕುತ್ತ ಕೂತಿದ್ದೆ. ಕನಸು ಚಂದ ಇದೆ ಅನಿಸಿತು. ಅಷ್ಟೇ ಅನಿಸಿತು. ಅವನ ಕೈ ಎದೆಯ ಎಡಗಡೆ ಅಂಗಿಯನ್ನು ಹಿಡಿದುಕೊಂಡಿತ್ತು. ನಾನು ಸೆಕೆ ಎಂದು ತಿಳಿದು ಇನ್ನಷ್ಟು ಜೋರಾಗಿ ಗಾಳಿ ಹಾಕಿದೆ.

ಅಪ್ಪ ಮುಚ್ಚಿಟ್ಟರೂ ಗುರಮ್ಮತ್ತೆಯ ಕಣ್ಣು ತಪ್ಪಿಸಲು ಆಗಲಿಲ್ಲ. ಗುರಮ್ಮತ್ತೆ ಅಪ್ಪನ ಅಕ್ಕ, ಗಂಡನನ್ನು ಕಳೆದುಕೊಂಡ ಮೇಲೆ ನಮ್ಮ ಪಕ್ಕದ ಮನೆಯಲ್ಲೇ ಇದ್ದಳು. ತಮ್ಮ ಮೂರು ಮೆಟ್ಟಿಲು ಹತ್ತಿ ಉಸಿರು ಹಿಡಿದು ನಿಂತದ್ದನ್ನು ನೋಡಿ ಅವಳು ನೇರ ಅಡುಗೆಮನೆಗೆ ಬಂದಳು.

"ಏ ಸುಭದ್ರಾ, ಹರಕಿ ಹೊತ್ತು ಎಷ್ಟ ದಿನ ಆತಬೇ? ದೇವರು ತನ್ನ ಮಾತು ನಡಸ್ಯಾನ, ನೀ ನಡಸಿಲ್ಲ. ಅದಕ್ಕ ನನ್ನ ತಮ್ಮನ ಎದಿ ಹಿಡಕೊಂಡಾನ. ಫೋಟೊ ಸಾಫ್ ಇದ್ದು ನೋವು ಬರ್ತದಂದ್ರ ಮತ್ತೇನಂತಿ?"

ಅವ್ವನ ಕೈಯಲ್ಲಿದ್ದ ರೊಟ್ಟಿಹಿಟ್ಟು ಕೈಯಲ್ಲೇ ಉಳಿಯಿತು. ವಿಜ್ಞಾನದವಳು ಅಂಜಿಕೆ ಎಂದಳು, ಅತ್ತೆ ದೇವರ ಸಿಟ್ಟು ಎಂದಳು. ನೋವು ಇದ್ದವನನ್ನು ಮಾತ್ರ ಯಾರೂ ಕೇಳಲಿಲ್ಲ. ಹಿಂಗಾರಿ ಬಿತ್ತನೆ ಮುಗಿಸಿ, ಕಾರ್ತಿಕದ ಒಂದು ಗುರುವಾರ ಗಾಣಗಾಪುರಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಅಪ್ಪನೂ ಹೂಂ ಎಂದ. ನೆಲಕ್ಕೆ ಬಿದ್ದು ಏಳುವುದರಿಂದ ಎಲ್ಲರ ಮನಸ್ಸು ಹಗುರ ಆಗುವುದಾದರೆ ಆಗಲಿ ಎಂಬ ಹಾಗಿತ್ತು ಅವನ ಹೂಂ.

ಬುಧವಾರ ಹೊರಟೆವು. ಕಟ್ಟಿಸಂಗಾವಿಯ ಸೇತುವೆ ದಾಟುವಾಗ ಅಪ್ಪ ಬಸ್ಸಿನ ಕಿಟಕಿಯಿಂದ ಭೀಮೆಯನ್ನೇ ನೋಡುತ್ತಿದ್ದ. ಗುಲ್ಬರ್ಗಾದಲ್ಲಿ ಅವನ ತಿಂಗಳ ತಪಾಸಣೆ ಇತ್ತು. ಗುರಮ್ಮತ್ತೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಗಂಟುಗಳ ಕಾವಲಿಗೆ ಕೂರಿಸಿ ನಾವು ಮೂವರು ದವಾಖಾನೆಗೆ ಹೋದೆವು.

ಸಲಾವುದ್ದೀನ ಡಾಕ್ಟರು ಬಿಪಿ ನೋಡಿದರು, ಪಾದ ಒತ್ತಿ ನೋಡಿದರು. ಕಿಡ್ನಿ ಐದಾಣೆಯಿಂದ ನಾಲ್ಕಾಣೆಗೆ ಇಳಿದಿದೆ ಎಂದರು. ಆಮೇಲೆ ಕೇಳಿದರು, "ಎದಿ ಹೆಂಗದ ಕಾಕಾ?"

ಅಪ್ಪ ನನ್ನ ಕಡೆ ನೋಡಿ, "ಫೋಟೊ ಸಾಫ್ ಅದರಿ," ಎಂದ.

"ನಾ ಫೋಟೊ ಕೇಳಲಿಲ್ಲ. ಎದಿ ಕೇಳ್ದೆ."

ಆಗ ಅಪ್ಪ ಹೇಳಿದ. ಎಷ್ಟು ಹೆಜ್ಜೆಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ, ಯಾವ ತೊಗರಿ ಹೊಲದ ಬದುವಿನಲ್ಲಿ ನಿಲ್ಲುತ್ತಾನೆ, ಎಲ್ಲವನ್ನೂ ಹೇಳಿದ. ನಾನು ತಲೆ ತಗ್ಗಿಸಿ ಕೂತೆ.

ಡಾಕ್ಟರು ಕನ್ನಡಕ ತೆಗೆದಿಟ್ಟರು. "ನೋಡ್ರಿ, ಕಿಡ್ನಿ ಸೋತಾಗ ರಕ್ತದಾಗ ಹೊಲಸು ಉಳಿತದ, ಬಿಪಿ ಏರ್ತದ. ಎರಡೂ ಕೂಡಿ ಎದಿ ಮಾಂಸದೊಳಗಿನ ಕೂದಲೆಳಿಯಂಥಾ ನಾಳದ ಗ್ವಾಡಿ ದಪ್ಪ ಮಾಡ್ತಾವ. ಒಳಗಿನ ತೂತು ಸಣ್ಣ ಆಗ್ತದ. ಒಂದಿಷ್ಟು ನಾಳ ಸತ್ತೇ ಹೋಗ್ತಾವ. ಅತ್ಲಾಗ ಜೋರಿಗೆ ಬಡದು ಬಡದು ಎದಿ ಮಾಂಸ ಬೆಳಿತದ, ಅದಕ್ಕ ರಕ್ತ ಹೆಚ್ಚು ಬೇಕು. ಕುಂತಾಗ ಹೆಂಗೋ ಸಾಲ್ತದ. ನಡದ್ರ ಸಾಲಂಗಿಲ್ಲ. ಅದೇ ನೋವು."

"ಹಂಗಾರ ಫೋಟೊದಾಗ ಯಾಕ ಬರಲಿಲ್ರಿ?" ಎಂದೆ ನಾನು. ನನ್ನ ದನಿ ಸಣ್ಣದಾಗಿತ್ತು.

"ಆ ಮಶೀನಿಗೆ ದೊಡ್ಡ ನಾಳ ಅಷ್ಟೇ ಕಾಣ್ತಾವ. ಸಣ್ಣವು ಕಾಣಂಗಿಲ್ಲ. ಅಲ್ಲಿಗೆ ಹೋದ್ಮ್ಯಾಲ ಔಷಧ ಹೊಗಿ ಹರಡಿದಂಗ..."

"ಮಂಜು," ಎಂದ ಅಪ್ಪ.

ಡಾಕ್ಟರು ಅವನನ್ನು ನೋಡಿದರು. "ಹೌದ್ರಿ. ಮಂಜು. ಬೇಮಾರಿ ಇರೋದು ಆ ಮಂಜಿನ್ಯಾಗ. ಈಗೀಗ ದೊಡ್ಡ ಡಾಕ್ಟರ್ ಮಂದಿ ಇದರ ಬಗ್ಗೆ ಬರ್ಯಾಕತ್ತಾರ. ಪಕ್ಕಾ ಇದೇ ಅಂತ ತೋರಸಾಕ ನಮ್ಮ ಕಡೆ ಮಶೀನ ಇಲ್ಲ. ಆದ್ರ ಪೇಶಂಟ್ ಬಾಯಿಬಿಟ್ಟು ಹೇಳಾಕತ್ತಾರಲ್ಲ, ಅದೂ ಒಂದು ರಿಪೋರ್ಟೇ."

ಅವ್ವ ಮುಂದೆ ಜರುಗಿದಳು. "ಸಾಹೇಬ್ರ, ನಾ ಬಿತ್ತಾಕಿ. ಕೂರಿಗಿ ಹಿಂದ ನಡಕೋತ ಬಟ್ಟಲಕ್ಕ ಕಾಳ ಬಿಡ್ತೇನಿ. ಬಟ್ಟಲ ಸಾಫ್ ಇರ್ತದ, ಕಾಳೂ ಇರ್ತಾವ. ಕೆಳಗ ಕೊಳವಿ ಬಾಯಿಗೆ ಹಸಿಮಣ್ಣು ಮೆತ್ತಿದ್ರ ಮ್ಯಾಲ ನಿಂತಾಕಿಗೆ ಗೊತ್ತೇ ಆಗಂಗಿಲ್ಲ. ಎಂಟು ದಿನ ಆದಮ್ಯಾಲ ನೋಡಿದ್ರ ಆ ಸಾಲು ಹುಟ್ಟೇ ಇರಂಗಿಲ್ಲ. ಹಂಗೇನ್ರಿ?"

"ಹಂಗೇ ಅಮ್ಮಾ."

"ಕೊಳವಿ ಆದ್ರ ಕಡ್ಡಿ ಹಾಕಿ ತಗಿತೇನಿ. ಇದಕ್ಕ?"

"ಇದಕ್ಕ ಕಡ್ಡಿ ಇಲ್ಲ. ಬಿಪಿ ಹಿಡೀಬೇಕು, ಉಪ್ಪು ಬಿಡಬೇಕು, ಗುಳಿಗಿ ತಪ್ಪಸಬಾರದು. ಎದಿ ಹೇಳಿದಷ್ಟೇ ನಡೀಬೇಕು. ಹಂಗ ಇದ್ರ ವರ್ಷಗಟ್ಲೆ ಇರ್ತಾರ."

ಅಪ್ಪ ಆಗ ನಾಳೆಯ ಮಾತು ಹೇಳಿದ. ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. "ಎರಡು ಮೈಲಿ ಬಿದ್ದು ಎದ್ದು? ಕಾಕಾ, ದಾರ್ಯಾಗೇ ಹೋಗಿಬಿಡ್ತೀರಿ. ನಮ್ಮಮ್ಮಿ ಸೈತ ಬಂದೇನವಾಜರ ದರ್ಗಾಕ್ಕ ಹರಕಿ ಹೊರತಾಳ. ನಂಗ ಹರಕಿ ಅಂದ್ರ ಏನಂತ ಗೊತ್ತದ. ಆದ್ರೂ ಬ್ಯಾಡ."

"ದೇವರಿಗೆ ಕೊಟ್ಟ ಮಾತದರಿ ಸಾಹೇಬ್ರ," ಎಂದ ಅಪ್ಪ. ಬಸ್‌ಸ್ಟ್ಯಾಂಡಿಗೆ ಮರಳಿದ ಮೇಲೆ ನಾನು ಊರಿಗೆ ತಿರುಗಿ ಹೋಗೋಣ ಎಂದೆ. ಮಾತಿಗೆ ತಪ್ಪಿದರೆ ತಮ್ಮ ಉಳಿಯುವುದಿಲ್ಲ ಎಂದು ಗುರಮ್ಮತ್ತೆ ಹಟ ಹಿಡಿದಳು. ನಾನು ಅವ್ವನ ಮುಖ ನೋಡಿದೆ. ಹೊತ್ತವಳು ಅವಳು, ಬೇಡ ಅನ್ನಬೇಕಾದವಳೂ ಅವಳೇ. ಅವ್ವ ನೇರ ಗಾಣಗಾಪುರದ ಬಸ್ಸು ಹತ್ತಿದಳು. ಜಗತ್ತಿನಲ್ಲಿ ಯಾರ ಮೇಲೂ ಬಾರದಷ್ಟು ಸಿಟ್ಟು ಆ ಹೊತ್ತಿಗೆ ನನಗೆ ಅವಳ ಮೇಲೆ ಬಂತು.

ಗುರುವಾರ ಬೆಳಿಗ್ಗೆ ಸಂಗಮದಲ್ಲಿ ಭೀಮೆ, ಅಮರ್ಜೆ ಎರಡೂ ಹೊಗೆಯಾಡುತ್ತಿದ್ದವು. ಎಳೆ ಬಿಸಿಲು ಆ ಮಂಜನ್ನು ಇನ್ನೂ ಕಡಿದಿರಲಿಲ್ಲ. ನೀರಿನಲ್ಲಿ ಮುಳುಗಿ ಏಳುವವರು ಕುತ್ತಿಗೆಯತನಕ ಮಾತ್ರ ಕಾಣುತ್ತಿದ್ದರು. ಮರಾಠಿಯಲ್ಲಿ ಯಾರೋ ಸಣ್ಣಗೆ ಭಜನೆ ಹೇಳುತ್ತಿದ್ದರು. ಅಪ್ಪ ಮೂರು ಮುಳುಗು ಹಾಕಿ, ಒದ್ದೆ ಧೋತರದಲ್ಲಿ ಮೆಟ್ಟಿಲು ಹತ್ತಿ ಬಂದ. ಏಳನೆಯ ಮೆಟ್ಟಿಲಿಗೆ ನಿಂತು ಹೊಳೆಯ ಕಡೆ ತಿರುಗಿದ, ಹೊಳೆ ನೋಡುವವನ ಹಾಗೆ. ಈ ಸಲ ನನಗೆ ಗೊತ್ತಾಯಿತು.

ಅವನು ಮೇಲೆ ಬಂದು ದಾರಿಯಲ್ಲಿ ಮೊಣಕಾಲೂರಿದ. ಕೈ ಜೋಡಿಸಿ ಇನ್ನೇನು ಮುಂದಕ್ಕೆ ಬೀಳಬೇಕು, ಅವ್ವ ಬಂದು ಅವನ ಎದುರಿಗೆ ನಿಂತಳು. ಅವಳ ಸೀರೆಯಿಂದ ನೀರು ಸುರಿಯುತ್ತಿತ್ತು. ಅವಳೂ ಮುಳುಗು ಹಾಕಿ ಬಂದದ್ದನ್ನು ನಾವು ಯಾರೂ ನೋಡಿರಲಿಲ್ಲ.

"ಏಳ್ರಿ ಮ್ಯಾಲ," ಎಂದಳು.

"ಸುಭದ್ರಾ, ಹರಕಿ ಅದ," ಎಂದಳು ಗುರಮ್ಮತ್ತೆ. "ಹೊತ್ತದ್ದು ಅವನ ಮೈ ಮ್ಯಾಲ. ನಡುವ ಬರಬ್ಯಾಡ."

ಅವ್ವ ಅತ್ತೆಯ ಕಡೆ ತಿರುಗಿದಳು. ಮೂವತ್ತು ವರ್ಷದಲ್ಲಿ ಅವಳು ಗಂಡನ ಅಕ್ಕನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ.

"ಅಕ್ಕಾ, ದತ್ತ ಸುಳ್ಳಾಡಿಲ್ಲ. ನಾ ಫೋಟೊ ಸಾಫ್ ಬರ್ಲಿ ಅಂದೆ, ಸಾಫ್ ಬಂತು. ಫೋಟೊ ಬೇಡಿದಾಕಿ ನಾ, ಫೋಟೊದ ಹರಕಿ ನಾ ತೀರಿಸ್ತೇನಿ. ನನ್ನ ಗಂಡನ ಸಲುವಾಗಿ ನಾ ಇನ್ನೂ ಬೇಡೇ ಇಲ್ಲ."

ಅವಳ ದನಿ ಅಲ್ಲಿಗೆ ಒಡೆಯಿತು. "ಹುಚ್ಚಿ ನಾ. ಹಾಳಿ ಬೇಡಿದೆ. ಮನಷ್ಯಾನ ಸಲುವಾಗಿ ಬೇಡೋದು ಮರತೆ. ಇವತ್ತ ಗುಡಿ ಮುಟ್ಟಿದ್ಮ್ಯಾಲ ಬೇಡ್ತೇನಿ. ಈ ಸಲ ಯಾರ ಮೈನೂ ಒತ್ತೆ ಇಡಂಗಿಲ್ಲ, ನನ್ನದಷ್ಟ ಇಡ್ತೇನಿ."

ಹೀಗೆಂದು ಅವಳು ಗುಡಿಯ ಕಡೆ ಮುಖ ಮಾಡಿ ಉದ್ದಕ್ಕೆ ನೆಲಕ್ಕೆ ಬಿದ್ದಳು. ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆದಳು, ಎದ್ದಳು, ಮತ್ತೆ ಬಿದ್ದಳು. ಐವತ್ತನಾಲ್ಕು ವರ್ಷದ ಮೊಣಕಾಲು ಕಟಕಟ ಎನ್ನುವುದು ನನಗೆ ಕೇಳಿಸಿತು. ಗುರಮ್ಮತ್ತೆ ಬಾಯಿ ತೆರೆದು ನಿಂತಿದ್ದವಳು, ಐದಾರು ನಮಸ್ಕಾರ ಆದ ಮೇಲೆ ಮುಂದೆ ಹೋಗಿ, ಅವ್ವ ಬೀಳುವ ಜಾಗದ ಹರಳುಗಳನ್ನು ಬಗ್ಗಿ ಬಗ್ಗಿ ಆರಿಸಿ ಪಕ್ಕಕ್ಕೆ ಎಸೆಯತೊಡಗಿದಳು.

ಅಪ್ಪ ಅವ್ವನ ಹಿಂದೆ ಹೊರಟ. ಹತ್ತು ಹೆಜ್ಜೆಗೆ ನಿಂತು, ದಾರಿಪಕ್ಕದ ಅತ್ತಿಮರದ ಎಲೆಯನ್ನು ಬಹಳ ಆಸ್ಥೆಯಿಂದ ನೋಡತೊಡಗಿದ. ನಾನು ಹೋಗಿ ಅವನ ರಟ್ಟೆ ಹಿಡಿದೆ.

"ಎಲಿ ನೋಡೋದು ಸಾಕು. ಕೂಡು ಅಪ್ಪಾ."

ಮರದ ಬುಡದ ಕಟ್ಟೆಯ ಮೇಲೆ ಕೂತೆವು. ಮಂಜಿನಲ್ಲಿ ಅವ್ವ ಬೀಳುವುದು ಕಾಣುತ್ತಿತ್ತು, ಏಳುವುದು ಕಾಣುತ್ತಿತ್ತು. ಅಪ್ಪನ ಕಣ್ಣು ತುಂಬಿದ್ದವು, ಅವನು ಒರೆಸಿಕೊಳ್ಳಲಿಲ್ಲ. ಮೂರು ತಿಂಗಳಲ್ಲಿ ಒಂದು ಸಲವೂ ಕೇಳದಿದ್ದ ಮಾತನ್ನು ನಾನು ಆಗ ಕೇಳಿದೆ.

"ಎಲ್ಲಿ ನೋಯ್ತದ? ತೋರಸು."

ಅವನು ನನ್ನ ಕೈ ಹಿಡಿದು ಎದೆಯ ಎಡಗಡೆ ಇಟ್ಟುಕೊಂಡ. ಒದ್ದೆ ಚರ್ಮ ತಣ್ಣಗಿತ್ತು, ಒಳಗೆ ಬಡಿತ ಜೋರಾಗಿತ್ತು. "ಇಲ್ಲಿಂದ," ಎಂದು ಕೈಯನ್ನು ಭುಜದತನಕ ಸರಿಸಿದ, "ಇಲ್ಲಿತನಕ. ಈಗೂ ಅದ. ಇಳ್ಯಾಕತ್ತದ."

"ನನಗ ಯಾಕ ಹೇಳಲಿಲ್ಲಪ್ಪಾ?"

ಅಪ್ಪ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿರುತ್ತಿತ್ತು. ಅರೆನಿದ್ದೆಯಲ್ಲಿ ಮಾತಾಡುವ ಅದೇ ಮೆತ್ತನೆಯ ದನಿಯಲ್ಲಿ ಹೇಳಿದ.

"ಹೇಳಿದ್ದೆನಲ್ಲವ್ವ. ನೀ ಫೋಟೊ ನೋಡಾಕತ್ತಿದ್ದಿ."

ನಾನು ಅಲ್ಲೇ, ಹೋಗುವ ಬರುವ ಮಂದಿಯ ನಡುವೆ, ಅಪ್ಪನ ಭುಜಕ್ಕೆ ಮುಖ ಒತ್ತಿ ಜೋರಾಗಿ ಅತ್ತೆ. ನೋವು ಪೂರಾ ಇಳಿಯುವತನಕ ನಾವು ಕೂತೇ ಇದ್ದೆವು.